ಅಪ್‌ಡೇಟ್ ಬರದಿದ್ದರೆ ಟವರಿನದೇನು ತಪ್ಪು?

ಶಿರಸಿ ಹತ್ತಿರದ ಅಕ್ಕನ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ಫೋನಿಗೆ ಏನೇ ಆದರೂ ಬೈಸಿಕೊಳ್ಳುವುದು ಟವರೇ. ಮೊನ್ನೆ ಭಾವನದೂ ಅದೇ ರಾಗ. "ಬೆಂಗಳೂರಿನವರಿಗೆ ಹೊಸ ಆಂಡ್ರಾಯ್ಡ್ ಬಂದು ತಿಂಗಳಾಯ್ತು. ನಮ್ಮಲ್ಲಿ ಟವರ್ ಸರಿ ಇಲ್ಲ, ಅದಕ್ಕೇ ಬರ್ಲಿಲ್ಲ ಮಾರಾಯ." ಅದೇ ಮೂಲೆಯಲ್ಲಿ ನಿಂತು ಅವನು ದಿನಾ ಯಕ್ಷಗಾನದ ವಿಡಿಯೋ ನೋಡುತ್ತಾನೆ!

ಟವರ್ ಚೆನ್ನಾಗಿದ್ದರೆ ಡೌನ್‌ಲೋಡ್ ಬೇಗ ಮುಗಿಯುತ್ತದೆ, ಅಷ್ಟೇ. ತಡವಾಗುವುದು ಅದಕ್ಕೂ ಎಷ್ಟೋ ಮೊದಲು.

ಆಂಡ್ರಾಯ್ಡ್ ಅಂದರೆ ಫೋನನ್ನು ನಡೆಸುವ ತಂತ್ರಾಂಶ, ಆಪರೇಟಿಂಗ್ ಸಿಸ್ಟಂ. ಗೂಗಲ್ ಬಿಡುವುದು ಅದರ ಮೂಲ ಕೋಡ್. ಅದು ಹಸಿ ಅಡಿಕೆಗೊನೆ ಇದ್ದ ಹಾಗೆ. ಕೊಯ್ದ ದಿನವೇ ವಖಾರಿಗೆ ಒಯ್ಯಲು ಆಗುತ್ತದಾ? ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಹಣ್ಣಡಿಕೆಯನ್ನು ಇಡಿಯಾಗಿ ಒಣಗಿಸಿ ಚಾಲಿ ಮಾಡುವುದಾದರೆ ತಿಂಗಳಿಗೂ ಜಾಸ್ತಿ ಬಿಸಿಲು ಬೇಕು. ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥ ಚಿಪ್ ಕಂಪನಿಗಳು ಆ ಕೋಡನ್ನು ತಮ್ಮ ಚಿಪ್ಪಿಗೆ ಹೊಂದಿಸುತ್ತವೆ. ಆಮೇಲೆ ಫೋನ್ ಕಂಪನಿ ತನ್ನ ಬಣ್ಣ, ಐಕಾನು, ಆ್ಯಪುಗಳನ್ನು ಸೇರಿಸಿ ಒಂದೊಂದು ಮಾಡೆಲ್ಲನ್ನೂ ಪರೀಕ್ಷೆ ಮಾಡುತ್ತದೆ. ಐಫೋನಿಗೆ ಈ ತಾಪತ್ರಯ ಕಡಿಮೆ. ಫೋನು, ಮುಖ್ಯ ಚಿಪ್ಪಿನ ವಿನ್ಯಾಸ, ಆಪರೇಟಿಂಗ್ ಸಿಸ್ಟಂ ಮೂರೂ ಆಪಲ್‌ನವೇ.

ನನಗೆ ಬಹಳ ಇಷ್ಟದ ಭಾಗ ಡ್ರೈವರ್ ಎಂಬ ಪುಟ್ಟ ತಂತ್ರಾಂಶ. ಕ್ಯಾಮೆರಾಕ್ಕೂ ಸ್ಪೀಕರಿಗೂ ಆಂಡ್ರಾಯ್ಡ್ ಮಾತು ನೇರವಾಗಿ ತಿಳಿಯುವುದಿಲ್ಲ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಬರೀ ಕನ್ನಡ ಬಲ್ಲ ಗಿರಾಕಿಗೂ ಕೊಂಕಣಿಯಲ್ಲೇ ದರ ಹೇಳುವ ಮೀನು ಮಾರುವವಳಿಗೂ ನಡುವೆ ಒಬ್ಬ ನಿಲ್ಲುತ್ತಾನಲ್ಲ, ಡ್ರೈವರ್ ಅಂದರೆ ಅವನೇ. ಗಿರಾಕಿ ಮಾತಿನ ವರಸೆ ಬದಲಿಸಿದರೆ ಪಾಪ, ಅವನು ಮತ್ತೆ ಕಲಿಯಬೇಕು. ಹೊಸ ಆಂಡ್ರಾಯ್ಡ್ ಬಂದಾಗಲೆಲ್ಲ ಆಗುತ್ತಿದ್ದದ್ದು ಇದೇ. 2017ರ ಆಂಡ್ರಾಯ್ಡ್ 8ರಲ್ಲಿ ಗೂಗಲ್ 'ಟ್ರೆಬಲ್' ಎಂಬ ಏರ್ಪಾಡು ತಂದು ನಡುವಿನ ಮಾತು ಹೀಗೇ ಇರಬೇಕೆಂದು ನಿಗದಿ ಮಾಡಿತು. ಗೋಡೆಯ ಸಾಕೆಟ್ ಇದ್ದ ಹಾಗೆ: ಮಿಕ್ಸಿ ಹೊಸದಾಯಿತೆಂದು ವೈರಿಂಗ್ ಕಿತ್ತು ಹಾಕಬೇಕಿಲ್ಲ. 2019ರ ಆಂಡ್ರಾಯ್ಡ್ 10ರಿಂದ ಕೆಲವು ಭಾಗಗಳು ಫೋನ್ ಕಂಪನಿಗೆ ಕಾಯದೆ ಗೂಗಲ್‌ನಿಂದಲೇ ಬರುತ್ತಿವೆ.

ಚಿಪ್ ಕಂಪನಿಯೇ ಕೈಬಿಟ್ಟರೆ? ನೆದರ್ಲೆಂಡ್ಸ್‌ನ ಪುಟ್ಟ ಕಂಪನಿ ಫೇರ್‌ಫೋನ್‌ಗೆ ಹಾಗೇ ಆಯಿತು. ಆದರೂ ಪಟ್ಟು ಬಿಡದೆ 2015ರ ತನ್ನ ಫೋನಿಗೆ 2021ರಲ್ಲಿ ಆಂಡ್ರಾಯ್ಡ್ 9 ಕೊಟ್ಟಿತು. ಅಷ್ಟರಲ್ಲಿ ಆಂಡ್ರಾಯ್ಡ್ 11 ಬಂದಾಗಿತ್ತು, ಬಿಡಿ.

ಎಲ್ಲ ತಯಾರಾದ ಮೇಲೂ ಒಮ್ಮೆಲೇ ಎಲ್ಲರಿಗೂ ಬಿಡುವುದಿಲ್ಲ. ಮೊದಲು ಕೆಲವೇ ಫೋನುಗಳಿಗೆ. ಏನಾದರೂ ಕೆಟ್ಟರೆ ಅಲ್ಲಿಗೇ ನಿಲ್ಲಿಸಬಹುದು.

ಭಾವನದೂ ಅಕ್ಕನದೂ ಒಂದೇ ಮಾಡೆಲ್, ಒಂದೇ ದಿನ ಕೊಂಡದ್ದು. ಅಕ್ಕನ ಫೋನಿಗೆ ಅಪ್‌ಡೇಟ್ ಬಂದು ಎಂಟು ದಿನವಾಗಿತ್ತು. ತೋರಿಸಿದೆ. ಭಾವ ಟವರನ್ನು ಬಿಟ್ಟ. ಈಗ ಅಂಗಡಿಯವನು ತನಗೆ ಹಳೇ ಪೀಸ್ ದಾಟಿಸಿದ್ದಾನೆ ಅನ್ನುತ್ತಿದ್ದಾನೆ.