ಸಿಡಿ ಪ್ಲೇಯರ್ ಇಲ್ಲದ ಮನೆಗೆ ಸಿಡಿ ಯಾಕೆ ಬರುತ್ತೆ?

ಅಕ್ಕನ ಮಗಳು ಪಾಕೆಟ್ ಮನಿ ಕೂಡಿಟ್ಟು ಕೊರಿಯಾದ ಒಂದು ತಂಡದ ಸಿಡಿ ತರಿಸಿಕೊಂಡಿದ್ದಾಳೆ. ಅವರ ಮನೆಯಲ್ಲಿ ಸಿಡಿ ಪ್ಲೇಯರ್ ಇಲ್ಲ. ಲ್ಯಾಪ್‌ಟಾಪ್‌ನಲ್ಲೂ ಸಿಡಿ ಹಾಕೋ ಜಾಗ ಇಲ್ಲ. ಪೊಟ್ಟಣ ಬಿಚ್ಚಿ, ಒಳಗಿದ್ದ ಚಿಕ್ಕ ಫೋಟೊಕಾರ್ಡನ್ನು ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡು, ಸಿಡಿಯನ್ನು ಹಾಗೇ ಪಠ್ಯಪುಸ್ತಕಗಳ ಪಕ್ಕ ನಿಲ್ಲಿಸಿದಳು. ಹಾಡು ಮಾತ್ರ ಫೋನಿನಲ್ಲಿ ಓಡುತ್ತಲೇ ಇತ್ತು. ರಾತ್ರಿ ಮಲಗುವಾಗಲೂ ಸಣ್ಣ ದನಿಯಲ್ಲಿ ಓಡುತ್ತಿತ್ತು. ಪೂರ್ತಿ ಮ್ಯೂಟ್ ಮಾಡಬಾರದಾ ಅಂದೆ. "ಮ್ಯೂಟ್ ಮಾಡಿದ್ರೆ ಲೆಕ್ಕಕ್ಕೆ ಬರಲ್ಲ ಮಾಮ" ಅಂದಳು. ಅದೇ ಹಾಡನ್ನು ಸುಮ್ನೆ ಹಿಂದೆ ಹಿಂದೆನೇ ಹಾಕಬಾರದಂತೆ, ನಡುವೆ ಬೇರೆ ಎರಡು ಮೂರು ಹಾಡು ಬರಬೇಕಂತೆ, ಇಲ್ಲಾಂದ್ರೆ ಯಂತ್ರ ಓಡಿಸ್ತಿದೆ ಅಂದ್ಕೊಂಡು ಬಿಟ್ಟುಬಿಡ್ತಾರಂತೆ.

ಹದಿನೈದು ವರ್ಷದ ಹುಡುಗಿಗೆ ಇಷ್ಟೆಲ್ಲ ಲೆಕ್ಕ ಯಾಕೆ ಗೊತ್ತಿರಬೇಕು? ಇದನ್ನು ಹುಚ್ಚು ಅಂತ ತಳ್ಳಿಹಾಕೋದು ಸುಲಭ. ನನಗೆ ಹಾಗನ್ನಿಸೋದಿಲ್ಲ. ಚಾರ್ಟ್ ಅನ್ನೋದು, ಅಂದ್ರೆ ಯಾವ ಹಾಡು ಎಷ್ಟನೇ ಸ್ಥಾನದಲ್ಲಿದೆ ಅಂತ ಹೇಳೋ ಪಟ್ಟಿ, ಹುಟ್ಟಿದಾಗಿನಿಂದಲೂ ತಮ್ಮ ಹಾಡನ್ನು ಅದರಲ್ಲಿ ಮೇಲಕ್ಕೆ ತಳ್ಳೋ ಇದೇ ಆಟ ನಡೆದಿದೆ, ಅಭಿಮಾನಿಗಳು ಇದಕ್ಕೆ ಬಂದಿದ್ದು ಆಮೇಲೆ.

ಬ್ರಿಟನ್ನಿನ ಮೊದಲ ಸಿಂಗಲ್ಸ್ (ಪೂರ್ತಿ ಆಲ್ಬಂ ಅಲ್ಲದೆ ಬಿಡಿಯಾಗಿ ಮಾರೋ ಹಾಡುಗಳ) ಚಾರ್ಟ್ ಬಂದಿದ್ದು 1952ರ ನವೆಂಬರ್ 14ಕ್ಕೆ, ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ. ಪರ್ಸಿ ಡಿಕಿನ್ಸ್ ಅನ್ನೋರು ಸುಮಾರು 20 ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವುದು ಜಾಸ್ತಿ ಹೋಯ್ತು ಅಂತ ಕೇಳಿ ಬರೆದುಕೊಂಡರು. ಅಷ್ಟೇ. ಮೊದಲ ಸ್ಥಾನ ಆಲ್ ಮಾರ್ಟಿನೊ ಅವರ ಹಾಡಿಗೆ ಸಿಕ್ಕಿತು. ಪಟ್ಟಿ ಹಾಕಿದರೆ ರೆಕಾರ್ಡ್ ಕಂಪನಿಗಳ ಜಾಹೀರಾತು ಬರುತ್ತೆ ಅನ್ನೋದೇ ಪತ್ರಿಕೆಯ ಮುಖ್ಯ ಯೋಚನೆ. ಯಾವ ಹಾಡು ಶ್ರೇಷ್ಠ ಅಂತ ತೀರ್ಮಾನ ಮಾಡೋ ಉದ್ದೇಶ ಯಾರಿಗೂ ಇರಲಿಲ್ಲ.

ಅದೇ ವರ್ಷ, ಡಿಸೆಂಬರಿನಲ್ಲಿ, ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿ ಅವರ ಬಿನಾಕಾ ಗೀತಮಾಲಾ ಅನ್ನೋ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಶುರುವಾಯಿತು. ಹಾಡುಗಳಿಗೆ ಸ್ಥಾನ ಕೊಡೋ ಪದ್ಧತಿ ಸ್ವಲ್ಪ ತಡವಾಗಿ ಬಂತು. ರೆಕಾರ್ಡ್ ಮಾರಾಟದ ಜೊತೆ ಊರೂರಿನ ಶ್ರೋತೃ ಸಂಘಗಳು ಕಳಿಸುತ್ತಿದ್ದ ಪತ್ರಗಳೂ ಲೆಕ್ಕಕ್ಕೆ ಬರುತ್ತಿದ್ದವು. ಅಂದ್ರೆ ಅಂಚೆ ಕಾರ್ಡು ಬರೆದು ತಮ್ಮ ಹಾಡನ್ನು ಮೇಲಕ್ಕೆ ತಳ್ಳೋ ಅಭಿಮಾನಿ ನಮ್ಮಲ್ಲೂ ಆಗಲೇ ಇದ್ದ. ನಮ್ಮಲ್ಲಿ ಹಾಡು ಬರುತ್ತಿದ್ದುದು ಸಿನಿಮಾದ ಬೆನ್ನಿಗೆ, ಹಾಗಾಗಿ ಸಿಂಗಲ್ ಕೊಳ್ಳೋ ಅಭ್ಯಾಸ ಬೆಳೆಯಲೇ ಇಲ್ಲ. ನಮಗೆ ಚಾರ್ಟ್ ಅಂದ್ರೆ ನೂರು ದಿನ. ಬೆಂಗಳೂರಿನ ಕೆ.ಜಿ. ರಸ್ತೆಯಲ್ಲಿ ಒಂದೇ ಸಿನಿಮಾಕ್ಕೆ ಹತ್ತು ಸಲ ಟಿಕೆಟ್ ತಗೊಂಡವರಿಗೆ ಕಥೆ ಬಾಯಿಪಾಠ ಆಗಿರುತ್ತಿತ್ತು. ಅವರು ಹೋಗುತ್ತಿದ್ದುದು ಪೋಸ್ಟರಿನ ಮೇಲೆ "100ನೇ ದಿನ" ಅಂತ ಬೀಳೋದನ್ನು ನೋಡೋಕೆ. ಅವರಿಗೂ ನಮ್ಮ ಹುಡುಗಿಗೂ ಏನು ವ್ಯತ್ಯಾಸ ಹೇಳಿ?

ಸರಿ, ಬ್ರಿಟನ್ನಿಗೆ ವಾಪಸ್ ಬರೋಣ. ಆಯ್ದ ಕೆಲವು ಅಂಗಡಿಗಳ ಲೆಕ್ಕದ ಮೇಲೆ ಪಟ್ಟಿ ನಿಂತಿದೆ ಅಂತ ಗೊತ್ತಾದರೆ ಕಂಪನಿಯವರು ಏನು ಮಾಡ್ತಾರೆ? ಆ ಅಂಗಡಿಗಳನ್ನೇ ಹುಡುಕಿಕೊಂಡು ಹೋಗಿ ತಮ್ಮದೇ ರೆಕಾರ್ಡುಗಳನ್ನು ಕೊಳ್ಳಿಸಿದರು, ಅಂಗಡಿಯವರಿಗೆ ಉಡುಗೊರೆ ಕೊಟ್ಟರು. 1980ರಲ್ಲಿ ಗ್ರಾನಡಾ ಟಿವಿಯ ತನಿಖಾ ಕಾರ್ಯಕ್ರಮವೊಂದು ಇದನ್ನೆಲ್ಲ ಬಯಲಿಗೆಳೆಯಿತು.

ಆಮೇಲೆ ಬಂದಿದ್ದು ಇನ್ನೂ ಜಾಣತನದ ದಾರಿ: ಒಂದೇ ಹಾಡನ್ನು ಬೇರೆ ಬೇರೆ ರೂಪದಲ್ಲಿ ಮಾರೋದು. 1995ರ ಆಗಸ್ಟಿನಲ್ಲಿ ಬ್ಲರ್ ಮತ್ತು ಒಯಾಸಿಸ್ ತಂಡಗಳು ಒಂದೇ ದಿನ ಹೊಸ ಸಿಂಗಲ್ ಬಿಟ್ಟಾಗ ಇಡೀ ದೇಶ ಎರಡು ಪಾಳಯ ಆಯ್ತು, ಟಿವಿ ವಾರ್ತೆಯಲ್ಲೂ ಅದೇ ಸುದ್ದಿ. ಬ್ಲರ್‌ನದು 2,74,000 ಪ್ರತಿ ಹೋಯ್ತು, ಒಯಾಸಿಸ್‌ನದು 2,16,000. ಬ್ಲರ್‌ನವರು ಎರಡು ಸಿಡಿ ಬಿಟ್ಟಿದ್ದರು, ಮುಖ್ಯ ಹಾಡು ಒಂದೇ, ಜೊತೆಗಿದ್ದ ಹಾಡುಗಳು ಬೇರೆ. ನಿಜವಾದ ಅಭಿಮಾನಿ ಎರಡನ್ನೂ ತಗೋತಾನೆ. ಲೆಕ್ಕದಲ್ಲಿ ಎರಡು ಮಾರಾಟ, ಮನೆಯಲ್ಲಿ ಕೇಳೋನು ಒಬ್ಬನೇ.

ಅಮೆರಿಕದಲ್ಲಿ ಕಥೆ ಉಲ್ಟಾ. ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಪಟ್ಟಿ 1958ರ ಆಗಸ್ಟಿನಿಂದ ಇದೆ, ಆಗೆಲ್ಲ ಮಾರಾಟ ಮತ್ತು ರೇಡಿಯೋ ಎರಡನ್ನೂ ಕೂಡಿಸುತ್ತಿತ್ತು. 90ರ ದಶಕದಲ್ಲಿ ಕಂಪನಿಗಳು ಎಷ್ಟೋ ಹಾಡುಗಳನ್ನು ಸಿಂಗಲ್ ಆಗಿ ಮಾರೋದನ್ನೇ ನಿಲ್ಲಿಸಿಬಿಟ್ಟವು. ಒಂದು ಹಾಡು ಬೇಕಾದರೆ ಪೂರ್ತಿ ಆಲ್ಬಂ ತಗೋ ಅನ್ನೋ ಲೆಕ್ಕಾಚಾರ. ಅಂಗಡಿಯಲ್ಲಿ ಸಿಂಗಲ್ ಇಲ್ಲದ ಹಾಡಿಗೆ ಆಗ ಹಾಟ್ 100ರಲ್ಲಿ ಜಾಗ ಇರಲಿಲ್ಲ. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' ರೇಡಿಯೋ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿತ್ತು, ಹಾಟ್ 100ರಲ್ಲಿ ಅದರ ಹೆಸರೇ ಇಲ್ಲ! ಊರೆಲ್ಲ ಹಾಡುತ್ತಿರುವ ಹಾಡು ಪಟ್ಟಿಯಲ್ಲಿ ಇಲ್ಲ ಅಂದ್ರೆ ಆ ಪಟ್ಟಿಗೆ ಏನು ಬೆಲೆ? 1998ರ ಡಿಸೆಂಬರಿನಲ್ಲಿ ಬಿಲ್‌ಬೋರ್ಡ್ ಆ ನಿಯಮ ಕೈಬಿಟ್ಟಿತು.

ಕೊಳ್ಳೋದು ಅಂದ್ರೆ ಓಟು ಹಾಕೋದು ಅಂತ ನನಗೆ ಸ್ಪಷ್ಟವಾಗಿ ಕಂಡಿದ್ದು 2009ರ ಕ್ರಿಸ್‌ಮಸ್ ಕಥೆಯಲ್ಲಿ. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ವಾರದ ನಂಬರ್ ಒನ್ ಅಂದ್ರೆ ದೊಡ್ಡ ಗೌರವ. ನಾಲ್ಕು ವರ್ಷದಿಂದ ಎಕ್ಸ್ ಫ್ಯಾಕ್ಟರ್ ಅನ್ನೋ ಟಿವಿ ಸ್ಪರ್ಧೆಯಲ್ಲಿ ಗೆದ್ದವರ ಹಾಡೇ ಆ ಜಾಗ ಹಿಡಿಯುತ್ತಿತ್ತು. ಬೇಸತ್ತ ಒಂದು ದಂಪತಿ ಫೇಸ್‌ಬುಕ್‌ನಲ್ಲಿ ಕರೆ ಕೊಟ್ಟರು: ರೇಜ್ ಅಗೇನ್‌ಸ್ಟ್ ದ ಮಷೀನ್ ತಂಡದ 1992ರ ಹಳೇ ಹಾಡನ್ನು ಎಲ್ಲರೂ ಈ ವಾರ ಡೌನ್‌ಲೋಡ್ ಕೊಳ್ಳೋಣ. ಸುಮಾರು 5 ಲಕ್ಷ ಪ್ರತಿ ಹೋಯ್ತು, ಟಿವಿ ಸ್ಪರ್ಧೆಯ ಹಾಡು ಸುಮಾರು 4.5 ಲಕ್ಷಕ್ಕೆ ನಿಂತಿತು. ಕೊಂಡವರಲ್ಲಿ ಎಷ್ಟೋ ಜನರ ಹತ್ತಿರ ಆ ಹಾಡು ಮೊದಲೇ ಇದ್ದಿರಬೇಕು. ಅವರಿಗೆ ಬೇಕಾಗಿದ್ದು ಮಾತು ಹೇಳೋಕೆ ಒಂದು ದಾರಿ.

ಜಪಾನಿನಲ್ಲಿ ಇದು ರೂಪಕ ಅಲ್ಲ, ನಿಜವಾದ ಓಟು. ಎಕೆಬಿ48 ಅನ್ನೋ ಹುಡುಗಿಯರ ತಂಡ 2009ರಿಂದ ಚುನಾವಣೆ ನಡೆಸಿತು, ಮುಂದಿನ ಹಾಡಿನಲ್ಲಿ ಯಾರು ಮುಂದೆ ನಿಲ್ಲಬೇಕು ಅಂತ. ಮತದ ಚೀಟಿ ಸಿಡಿಯ ಒಳಗೆ. ಹತ್ತು ಓಟು ಬೇಕಾದರೆ ಹತ್ತು ಸಿಡಿ. ಒಂದೊಂದು ಸಿಂಗಲ್ ಹತ್ತು ಲಕ್ಷ ದಾಟಿ ಹೋಗುತ್ತಿತ್ತು. 2017ರಲ್ಲಿ ಫುಕುವೋಕಾದ ಗುಡ್ಡದಲ್ಲಿ ಯಾರೋ ಎಸೆದಿದ್ದ 585 ಸಿಡಿ ಸಿಕ್ಕವು, ಚೀಟಿ ತೆಗೆದುಕೊಂಡು ಉಳಿದಿದ್ದನ್ನು ಸುರಿದು ಹೋಗಿದ್ದ. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿದ್ದು ಆ ಮನುಷ್ಯನ ಮೇಲಲ್ಲ. ಒಬ್ಬ ಹುಡುಗಿ ಹಿಂದಿನ ಸಾಲಿಗೆ ಹೋಗಬಾರದು ಅನ್ನೋ ಅವನ ಆಸೆಯನ್ನೇ ಸರಕು ಮಾಡಿ ಮಾರಿದವರ ಮೇಲೆ.

ಸ್ಟ್ರೀಮಿಂಗ್, ಅಂದ್ರೆ ಹಾಡು ಕೊಳ್ಳದೆ ನೆಟ್ಟಿನಲ್ಲೇ ಕೇಳೋದು, ಬಂದ ಮೇಲೆ ಇದೆಲ್ಲ ಮುಗಿಯುತ್ತೆ ಅಂದುಕೊಂಡವರು ಬಹಳ ಜನ. ಬ್ರಿಟನ್ 2014ರ ಜುಲೈನಲ್ಲಿ 100 ಸ್ಟ್ರೀಮಿಗೆ ಒಂದು ಮಾರಾಟ ಅಂತ ಲೆಕ್ಕ ಹಾಕಿತು. 2017ರಲ್ಲಿ ಎಡ್ ಶೀರನ್ ಅವರ ಆಲ್ಬಂ ಬಂದಾಗ ಅದರ 16 ಹಾಡುಗಳೂ ಟಾಪ್ 20ರೊಳಗೆ ಕೂತವು, ಬೇರೆಯವರಿಗೆ ಜಾಗವೇ ಇಲ್ಲ. ಜುಲೈ ಹೊತ್ತಿಗೆ ಒಬ್ಬ ಕಲಾವಿದರಿಗೆ ಮೂರೇ ಹಾಡು ಅಂತ ನಿಯಮ ಬಂತು.

ಇನ್ನು ಕೊರಿಯಾದ ಬಿಟಿಎಸ್ ತಂಡ. 2020ರ ಆಗಸ್ಟಿನಲ್ಲಿ ಅವರ 'ಡೈನಮೈಟ್' ಹಾಟ್ 100ರಲ್ಲಿ ನೇರ ಒಂದನೇ ಸ್ಥಾನಕ್ಕೇ ಬಂತು, ಮೊದಲ ವಾರ 3 ಲಕ್ಷ ಮಾರಾಟ. ಎಲ್ಲರೂ ಸ್ಟ್ರೀಮ್ ಮಾಡುವ ಕಾಲದಲ್ಲಿ ಹಾಡು ಕೊಳ್ಳೋರೇ ಕಮ್ಮಿ, ಹಾಗಾಗಿ ಕೊಳ್ಳೋರ ಗುಂಪೊಂದು ಒಟ್ಟಾಗಿ ಬಂದರೆ ಅದರ ತೂಕವೇ ಬೇರೆ. ರೇಡಿಯೋದವರು ಕೊರಿಯನ್ ಭಾಷೆಯ ಹಾಡನ್ನು ಹೆಚ್ಚು ಹಾಕೋದಿಲ್ಲ ಅನ್ನೋ ನೋವು ಅಭಿಮಾನಿಗಳಲ್ಲಿ ವರ್ಷಗಳಿಂದ ಇತ್ತು. ರೇಡಿಯೋ ನಮ್ಮ ಕೈಯಲ್ಲಿಲ್ಲ, ಪರ್ಸ್ ನಮ್ಮ ಕೈಯಲ್ಲಿದೆ ಅಂತ ಕೊಂಡರು. ರೀಮಿಕ್ಸ್ ಬಂದರೆ ಅದನ್ನೂ ಕೊಂಡರು. ಇದು ಮೋಸ ಅಂದವರಿದ್ದಾರೆ. ಮೋಸ ಹೇಗಾಗುತ್ತೆ? ಅಂಗಡಿ ತೆರೆದವರು ಕಂಪನಿಯವರು, ಲೆಕ್ಕದ ನಿಯಮ ಬರೆದವರು ಬಿಲ್‌ಬೋರ್ಡಿನವರು. 2022ರಿಂದ ಒಬ್ಬರು ಒಂದು ವಾರದಲ್ಲಿ ಒಂದು ಹಾಡಿನ ಒಂದೇ ಡೌನ್‌ಲೋಡ್ ಲೆಕ್ಕಕ್ಕೆ ಅಂತ ಬದಲಾಯಿಸಿದರು. ಅದು ಸರಿಯಾದ ಬದಲಾವಣೆಯೇ, ಹುಡುಗರ ಜೇಬು ಉಳಿಯಿತು.

ಇಷ್ಟೆಲ್ಲ ಓದಿಕೊಂಡ ಮೇಲೆ ಅಕ್ಕನ ಮಗಳಿಗೆ ಒಂದು ವಿಷಯ ಹೇಳಲೇಬೇಕು ಅನ್ನಿಸಿತು. ಹಾಟ್ 100 ಬರೀ ಅಮೆರಿಕದ ಲೆಕ್ಕ, ನೀನು ಬನಶಂಕರಿಯಲ್ಲಿ ಕೂತು ರಾತ್ರಿಯೆಲ್ಲ ಹಾಕಿದರೂ ಅದರಲ್ಲಿ ಒಂದೂ ಸೇರೋದಿಲ್ಲ ಕಣೇ, ಅಂದೆ. ಬೇಜಾರಾಗ್ತಾಳೇನೋ ಅಂದುಕೊಂಡಿದ್ದೆ.

"ಗೊತ್ತು ಮಾಮ. ಗ್ಲೋಬಲ್ 200 ಅಂತ 2020ರಲ್ಲಿ ಶುರು ಮಾಡಿದ್ದಾರಲ್ಲ, ಅದರಲ್ಲಿ ಇಂಡಿಯಾದ್ದೂ ಬರುತ್ತೆ" ಅಂದವಳೇ ಫೋನನ್ನು ಚಾರ್ಜಿಗೆ ಹಾಕಿ, ದನಿ ಒಂದು ಗೀಟು ಕಮ್ಮಿ ಮಾಡಿ, ಹಾಡು ಮತ್ತೆ ಹಾಕಿದಳು.