ರಾಜ್ಯ ಸರ್ಕಾರವೊಂದು ಹೊರದೇಶದ ಜೊತೆ ಕೈಜೋಡಿಸಬಹುದಾ?

ಪ್ರಶ್ನೆ: ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳುವುದು ಕೇಂದ್ರ ಸರ್ಕಾರದ ಕೆಲಸ ಅಲ್ವಾ? ಹಾಗಿದ್ದರೆ ಶುದ್ಧ ಇಂಧನದ ವಿಷಯದಲ್ಲಿ ರಾಜ್ಯಗಳು ಗಡಿಯಾಚೆ ಕೈಜೋಡಿಸುವುದು ಹೇಗೆ? ಲಾಭರಹಿತ ಸಂಸ್ಥೆಗಳಿಗೆ ಅಲ್ಲೇನು ಕೆಲಸ?

ಉತ್ತರ: ಒಂದು ನಿಜವಾದ ಜೋಡಿಯನ್ನೇ ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಮತ್ತು ಕೆನಡಾದ ಕ್ವಿಬೆಕ್ ಪ್ರಾಂತ್ಯ 2014ರಲ್ಲಿ ತಮ್ಮ ಇಂಗಾಲ ಮಾರುಕಟ್ಟೆಗಳನ್ನು ಒಂದಕ್ಕೊಂದು ಜೋಡಿಸಿದವು. ಇಂಗಾಲ ಮಾರುಕಟ್ಟೆ ಅಂದರೆ ಹೊಗೆ ಬಿಡುವ ಪರವಾನಗಿಗಳನ್ನು ಕೊಳ್ಳುವ, ಮಾರುವ ವ್ಯವಸ್ಥೆ; ಹೊಗೆಗೆ ಬೆಲೆ ಬಿದ್ದರೆ ಕಂಪನಿಗಳು ಶುದ್ಧ ಇಂಧನದತ್ತ ತಿರುಗುತ್ತವೆ ಎಂಬುದು ಲೆಕ್ಕಾಚಾರ. ಅಲ್ಲಿ ವಿದ್ಯುತ್ ಸ್ಥಾವರ, ದೊಡ್ಡ ಕಾರ್ಖಾನೆ, ಪೆಟ್ರೋಲ್ ಪೂರೈಸುವ ಕಂಪನಿ, ಯಾರೇ ಆಗಲಿ, ತಮ್ಮ ಲೆಕ್ಕಕ್ಕೆ ಬರುವ ಪ್ರತಿ ಟನ್ ಹೊಗೆಗೆ ಒಂದು ಪರವಾನಗಿ ಒಪ್ಪಿಸಬೇಕು. ವರ್ಷಕ್ಕೆ ನಾಲ್ಕು ಸಲ ಪರವಾನಗಿಗಳ ಹರಾಜು ನಡೆಯುತ್ತದೆ. ಬೆಲೆಯನ್ನು ಅಮೆರಿಕದ ಡಾಲರ್‌ನಲ್ಲೂ ಕೆನಡಾದ ಡಾಲರ್‌ನಲ್ಲೂ ಹೇಳುತ್ತಾರೆ. ಕ್ವಿಬೆಕ್ ಕೊಟ್ಟ ಪರವಾನಗಿ ಕ್ಯಾಲಿಫೋರ್ನಿಯಾದಲ್ಲೂ ನಡೆಯುತ್ತದೆ.

ಇದಕ್ಕೆ ದೇಶ-ದೇಶಗಳ ನಡುವಿನ ಒಪ್ಪಂದ ಬೇಕಾಗಲಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಯಲ್ಲೇ ಕಾನೂನು ಮಾಡಿಕೊಂಡರು. ಆ ಎರಡು ಕಾನೂನುಗಳು ಒಂದಕ್ಕೊಂದು ಹೊಂದುವಂತೆ ತಮ್ಮತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡರು.

ಹಾಗಾದರೆ ಲೆಕ್ಕದ ಪುಸ್ತಕ ಯಾರ ಕೈಲಿರಬೇಕು? ನನಗೆ ಇಡೀ ವ್ಯವಸ್ಥೆಯ ಜೀವ ಇಲ್ಲೇ ಇದೆ ಅನ್ನಿಸುತ್ತದೆ. ಒಂದು ಸರ್ಕಾರ ಇಟ್ಟುಕೊಂಡರೆ ಇನ್ನೊಂದಕ್ಕೆ ಅನುಮಾನ ಬರುವುದು ಸಹಜ. ಅದಕ್ಕೇ ವೆಸ್ಟರ್ನ್ ಕ್ಲೈಮೇಟ್ ಇನಿಶಿಯೇಟಿವ್ ಇಂಕ್ ಎಂಬ ಲಾಭರಹಿತ ಸಂಸ್ಥೆಯನ್ನು ಕಟ್ಟಿದರು. ಯಾರ ಖಾತೆಯಲ್ಲಿ ಎಷ್ಟು ಪರವಾನಗಿ ಇದೆ ಎಂಬ ಲೆಕ್ಕದ ವ್ಯವಸ್ಥೆ, ಹರಾಜಿನ ಏರ್ಪಾಡು, ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ನಿಯಮ ಮಾಡುವ ಅಧಿಕಾರ ಮಾತ್ರ ಅದಕ್ಕಿಲ್ಲ.

ನೀವು ಕೇಳಿದ ಪ್ರಶ್ನೆಯನ್ನೇ 2019ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಕೋರ್ಟಿಗೂ ಒಯ್ದಿತು. ವಿದೇಶಾಂಗ ವ್ಯವಹಾರದಲ್ಲಿ ರಾಜ್ಯ ತಲೆ ಹಾಕಿದೆ ಎಂಬುದು ಅದರ ದೂರು. 2020ರಲ್ಲಿ ತೀರ್ಪು ಕ್ಯಾಲಿಫೋರ್ನಿಯಾ ಪರವಾಗಿ ಬಂತು.

ಇನ್ನೂ ಸಡಿಲವಾದ ಕೂಟಗಳೂ ಇವೆ. ಕ್ಯಾಲಿಫೋರ್ನಿಯಾ ಮತ್ತು ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ಸೇರಿ 2015ರಲ್ಲಿ ಶುರು ಮಾಡಿದ ‘ಅಂಡರ್2’ ಅಂಥದ್ದು. ಭೂಮಿಯ ಬಿಸಿ ಏರಿಕೆಯನ್ನು ಎರಡು ಡಿಗ್ರಿಯೊಳಗೆ ಹಿಡಿದಿಡುವುದು ಅದರ ಗುರಿ. ಅದರ ಕಚೇರಿ ಕೆಲಸವನ್ನು ಕ್ಲೈಮೇಟ್ ಗ್ರೂಪ್ ಎಂಬ ಲಾಭರಹಿತ ಸಂಸ್ಥೆ ಮಾಡುತ್ತದೆ. ಸಹಿ ಹಾಕಿದವರ ಮೇಲೆ ಕಾನೂನಿನ ಒತ್ತಾಯವಿಲ್ಲ. ಹಾಗಂತ ಸುಮ್ನೆ ಕಾಗದ ಅಂತ ತಳ್ಳಿಹಾಕಬೇಡಿ. ಒಬ್ಬರು ಮಾಡಿ ಕಲಿತದ್ದು ಇನ್ನೊಬ್ಬರಿಗೆ ಸಿಗುವುದು ಇಂಥ ಕೂಟಗಳಲ್ಲೇ.

ರಾಜ್ಯಗಳ ಇಂಥ ಜೋಡಣೆಗಳ ತೊಂದರೆಯನ್ನೂ ಹೇಳಲೇಬೇಕು. ಕೆನಡಾದ ಒಂಟಾರಿಯೊ ಪ್ರಾಂತ್ಯ 2018ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ-ಕ್ವಿಬೆಕ್ ಜಂಟಿ ಮಾರುಕಟ್ಟೆಗೆ ಸೇರಿತ್ತು. ಜೂನ್‌ನಲ್ಲಿ ಚುನಾವಣೆ ನಡೆದು ಸರ್ಕಾರ ಬದಲಾಯಿತು. ಜುಲೈ ಹೊತ್ತಿಗೆ ಒಂಟಾರಿಯೊ ಹೊರಗಿತ್ತು.