ರೀಫಿಂಗ್: ಗಾಳಿ ಏರಿದಾಗ ಹಾಯಿ ಗಿಡ್ಡ ಮಾಡುವುದು

ಗಾಳಿ ಜೋರಾದಾಗ ಹಾಯಿಯ ಒಂದಷ್ಟು ಭಾಗವನ್ನು ಮಡಚಿ ಕಟ್ಟುವುದಕ್ಕೆ ರೀಫಿಂಗ್ ಅಂತ ಹೆಸರು. ಹಾಯಿಯನ್ನು ಪೂರ್ತಿ ಇಳಿಸುವುದಿಲ್ಲ. ಗಾಳಿಗೆ ಸಿಗುವ ಬಟ್ಟೆಯನ್ನು ಕಡಿಮೆ ಮಾಡುತ್ತಾರೆ, ಅಷ್ಟೇ.

ಸಮುದ್ರವೇ ಇಲ್ಲದ ಕೊಡಗಿನಲ್ಲಿ ಇದೆಲ್ಲ ಯಾಕೆ ಅಂತೀರಾ? ಸೈನ್ಯಕ್ಕೆ ಹೋದವರಿರುವ ಹಾಗೆ ನೌಕಾಪಡೆ ಸೇರಿದವರೂ ನಮ್ಮಲ್ಲಿದ್ದಾರೆ. ರಜೆಗೆ ಬಂದಾಗ ಅವರ ಮಾತಿನಲ್ಲಿ ಈ ಪದ ನುಸುಳುತ್ತದೆ. ಕಾಫಿ ತೋಟದವರಿಗಂತೂ ವಿಷಯ ಬೇಗ ಹಿಡಿಯುತ್ತದೆ. ಮಳೆಗಾಲಕ್ಕೆ ಮುಂಚೆ ನೆರಳಿನ ಮರ ಕಪಾತು ಮಾಡಿಸುತ್ತೇವಲ್ಲ, ಕೊಂಬೆ ಇಳಿಸಿದ ಮರವನ್ನು ಜುಲೈ ಗಾಳಿ ಅಷ್ಟಾಗಿ ಅಲ್ಲಾಡಿಸುವುದಿಲ್ಲ.

ಗಾಳಿಯ ವೇಗ ಎರಡರಷ್ಟಾದರೆ ಹಾಯಿ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿ.ಮೀ. ಗಾಳಿಯಲ್ಲಿ ಹಾಯಾಗಿದ್ದ ದೋಣಿ 20 ನಾಟ್‌ಗೆ ಒಂದು ಮಗ್ಗುಲಿಗೆ ವಾಲಿಬಿಡುತ್ತದೆ. ಚುಕ್ಕಾಣಿ ಭಾರವಾಗುತ್ತದೆ. ಮೂತಿ ಗಾಳಿಯ ಕಡೆಗೇ ತಿರುಗಲು ನೋಡುತ್ತದೆ. ಹಾಗೆ ವಾಲಿದ ದೋಣಿ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಜಾಸ್ತಿ. ಆಗ ರೀಫ್ ಮಾಡಿದರೆ ದೋಣಿ ನೆಟ್ಟಗಾಗುತ್ತದೆ, ಎಷ್ಟೋ ಸಲ ವೇಗವೂ ಕುಗ್ಗುವುದಿಲ್ಲ. ಪೂರ್ತಿ ಹಾಯಿ ಬಿಟ್ಟುಕೊಂಡು ಹೋಗುವುದೇ ಧೈರ್ಯ ಅನ್ನುವುದು ಸುಮ್ನೆ ಜಂಬ.

ಮಾಡುವ ಕ್ರಮ ಹೀಗೆ. ಮೊದಲು ದೊಡ್ಡ ಹಾಯಿಯ ಹಿಡಿತದ ಹಗ್ಗ ಸಡಿಲಿಸಿ ಗಾಳಿ ಬಿಟ್ಟುಕೊಡಬೇಕು. ಹಾಯಿ ಏರಿಸುವ ಹಗ್ಗವನ್ನು ಸ್ವಲ್ಪ ಇಳಿಸಿ, ಕೂವೆಮರದ (ಹಾಯಿ ಕಟ್ಟುವ ನಿಲುಗಂಬದ) ಬದಿಯ ಅಂಚಿನಲ್ಲಿರುವ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಬೇಕು. ಏರಿಸುವ ಹಗ್ಗವನ್ನು ಮತ್ತೆ ಬಿಗಿದು, ಹಾಯಿಯ ಹಿಂದಿನ ತುದಿಯ ರೀಫ್ ಹಗ್ಗವನ್ನು ಗಟ್ಟಿಯಾಗಿ ಎಳೆಯಬೇಕು. ಕೆಳಗೆ ಜೋಲುವ ಬಟ್ಟೆಯನ್ನು ಸುತ್ತಿ ಚಿಕ್ಕ ದಾರಗಳಿಂದ ಕಟ್ಟುತ್ತಾರೆ. ಈ ದಾರಗಳನ್ನು ಮಾತ್ರ ಬಿಗಿಯಬಾರದು. ಭಾರವೆಲ್ಲ ಎರಡು ತುದಿಗಳಲ್ಲೇ ಇರಬೇಕು, ದಾರದ ಮೇಲೆ ಬಿದ್ದರೆ ಹಾಯಿ ಅಲ್ಲೇ ಹರಿಯುತ್ತದೆ.

ದೋಣಿಯ ಮುಂಭಾಗದ ಹಾಯಿಯನ್ನು ಬದಲಾಯಿಸುವುದೂ ಉಂಟು. ಹಗುರ ಗಾಳಿಗೆ ದೊಡ್ಡ ಜೆನೋವಾ, ಗಾಳಿ ಏರಿದರೆ ಚಿಕ್ಕ ಜಿಬ್, ಬಿರುಗಾಳಿಗೆ ದಪ್ಪ ಬಟ್ಟೆಯ ಪುಟ್ಟ ಸ್ಟಾರ್ಮ್ ಜಿಬ್. ಈಗ ಜೆನೋವಾವನ್ನೇ ಸುರುಳಿ ಸುತ್ತಿ ಚಿಕ್ಕದು ಮಾಡುವ ವ್ಯವಸ್ಥೆ ಇದೆ. ಅನುಕೂಲವೇನೋ ಹೌದು, ಆದರೆ ಅರ್ಧ ಸುತ್ತಿದ ಹಾಯಿ ಜೋಳಿಗೆಯಂತೆ ಉಬ್ಬಿ ಆಕಾರ ಕೆಡುತ್ತದೆ. 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು ಜಗತ್ತು ಸುತ್ತಿದ 'ತಾರಿಣಿ'ಯಂಥ ದೋಣಿಗೆ ದಕ್ಷಿಣದ ಸಾಗರಗಳಲ್ಲಿ ಈ ಕೆಲಸ ದಿನಚರಿಯೇ.

ಮೋಸ ಹೋಗುವುದು ಗಾಳಿ ಬೆನ್ನಿಗಿದ್ದಾಗ. 20 ನಾಟ್ ಗಾಳಿಯಲ್ಲಿ ದೋಣಿ 7 ನಾಟ್ ವೇಗದಲ್ಲಿ ಗಾಳಿ ಜೊತೆಗೇ ಓಡುತ್ತಿದ್ದರೆ ಮೈಗೆ ತಾಗುವುದು 13 ಮಾತ್ರ. ಎಲ್ಲ ಹಿತವಾಗಿದೆ ಅನ್ನಿಸುತ್ತದೆ, ಅಲ್ವಾ? ದೋಣಿಯನ್ನು ಗಾಳಿಯ ಕಡೆ ತಿರುಗಿಸಿ ನೋಡಿ, ಅದೇ ಗಾಳಿ 25ರ ಹತ್ತಿರ ಬಡಿಯುತ್ತದೆ. ಅದಕ್ಕೇ ತಿರುಗುವ ಮುಂಚೆಯೇ ರೀಫ್ ಮಾಡಿಕೊಳ್ಳುತ್ತಾರೆ.

ಹಾರಂಗಿ ಹಿನ್ನೀರಿನಂಥ ಜಾಗಕ್ಕೆ ಒಪ್ಪುವ ಚಿಕ್ಕ ದೋಣಿಗಳಲ್ಲಿ ಎಷ್ಟಕ್ಕೋ ರೀಫ್ ಸೌಲಭ್ಯವೇ ಇರುವುದಿಲ್ಲ. ಗುಡ್ಡದ ಸಂದಿಯಿಂದ ಗಾಳಿ ನುಗ್ಗಿದರೆ ಮೊದಲು ನೀರಿನ ಮೇಲೆ ಕಪ್ಪು ಸುಕ್ಕು ಓಡಿಬರುವುದು ಕಾಣುತ್ತದೆ. ಅದು ತಲುಪುವಷ್ಟರಲ್ಲಿ ಹಗ್ಗ ಸಡಿಲಿಸಿ, ಮೈಯನ್ನು ಗಾಳಿ ಬರುವ ಬದಿಯಿಂದ ಹೊರಗೆ ಚಾಚಿ ಕೂರಬೇಕು.